ಹಳೇ ಪೋಷಾಕಿನ ಸಂಜೆ

ಮಸ್ಕಿ
ಬುಧವಾರ, ೨೪-೧೦-೧೯೫೬

ಗೆಳತಿ ದಾವಲ್‌ಬೀಗೆ,

ಮಸ್ಕಿಯಿಂದ ಕಸ್ತೂರೆಮ್ಮ ಕೇಳಿಕೊಳ್ಳುವ ಕ್ಷೇಮ. ನಾನು ಗಟ್ಟಿಯಾಗಿದ್ದೇನೆ. ಅಲ್ಲಿ ಹೈದರಾಬಾದಿನಲ್ಲಿ ನೀನು, ಬಂದೇಸಾಬಣ್ಣ, ಮಗಳು ಹುಸೇನ್‌ಬೀ ಹೇಗಿದ್ದೀರಿ, ಬರೆ. ರಂಜಾನಿಗೆ ಬಂದ ನಿನ್ನ ಕಾಗದಕ್ಕೆ ದಸರೆ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಕಣ್ಣು ಮಂಜಾಗಿವೆ ಅಂತ ನೆಪ ಹೇಳಬಹುದಿತ್ತು, ಆದರೆ ನನ್ನ ಕಣ್ಣು ನೆಟ್ಟಗಿವೆ, ಸೂಜಿಗೆ ದಾರ ಇನ್ನೂ ನಾನೇ ಪೋಣಿಸುತ್ತೇನೆ. ನಿನ್ನ ಕಾಗದದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದಕ್ಕೇ ತಡವಾಯಿತು. ಅದು ಸದ್ಯ ಹಾಗೇ ಇರಲಿ.

ಹುಸೇನ್‌ಬೀಗೆ ಗಂಡು ಗೊತ್ತಾದದ್ದು ಓದಿ ಹೊಟ್ಟೆ ತಂಪಾಯಿತು. ನಮ್ಮ ಅಂಗಳದಲ್ಲಿ ರೊಟ್ಟಿ ತಿನ್ನುತ್ತ ಓಡಾಡಿದ ಕೂಸು. ನಿನ್ನ ನಿಕಾದ ಆ ಕೆಂಪು ಬಟ್ಟೆಯ ಜೋಡನ್ನೇ ಅವಳಿಗೆ ಉಡಿಸಬೇಕು, ಪೆಟ್ಟಿಗೆ ಒಯ್ಯಲು ಯಾರನ್ನಾದರೂ ಕಳಿಸುತ್ತೇನೆ ಅಂತ ಬರೆದಿದ್ದೀಯ. ಈ ಕಾಗದ ಆ ಜೋಡಿನದ್ದೇ. ಜೋಡು ನನ್ನ ಹತ್ತಿರ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದುವಾಗ ನಿನ್ನ ಜೀವ ಬಾಯಿಗೆ ಬರುತ್ತದೆ.

ನನ್ನ ಸೊಸೆಯನ್ನು ನೀನು ನೋಡಿಲ್ಲ. ಬಸವಣ್ಣೆಮ್ಮ, ವಳಕಮದಿನ್ನಿಯವಳು. ಶಿವಶರಣಪ್ಪನನ್ನು ಮದುವೆಯಾಗಿ ಐದು ವರ್ಷವಾಯಿತು, ಈಗ ಇಬ್ಬರೂ ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ಹುಡುಗಿ ಒಳ್ಳೆಯವಳು, ಆದರೆ ಹಳೇ ಬಟ್ಟೆಯ ಹುಚ್ಚು. ಅಂಗಡಿ ತುಂಬ ಹೊಸ ವಾಯಿಲ್ ಸೀರೆ ಇದ್ದರೂ ಮೈಗೆ ಸೋಕಿಸುವುದಿಲ್ಲ. ಯಾರ ಮನೆಗೆ ಹೋದರೂ ಮುದುಕಿಯರ ಪಕ್ಕದಲ್ಲಿ ಕೂತು, "ಅಮ್ಮಾ, ನಿಮ್ಮ ಮದಿವಿ ಸೀರಿ ಐತೇನ್ರಿ, ಒಂದ್ಸಲ ತೋರಸ್ರಿ" ಅನ್ನುತ್ತಾಳೆ. ಮುದುಕಿಯರಿಗೂ ಅದೇ ಬೇಕು. ಸೊಂಟದ ಡಾಬು, ತೋಳಬಂದಿ, ಮೊಣಕೈ ದಾಟುವ ಕುಪ್ಪಸ, ಇಳಕಲ್ಲಿನ ಹಳೇ ಸೀರೆ ಎಲ್ಲವನ್ನೂ ಉಟ್ಟು ತೊಟ್ಟು ಕನ್ನಡಿ ಮುಂದೆ ನಿಲ್ಲುತ್ತಾಳೆ. ಗಂಡನಿಗೂ ಅದೇ ಗಾಳಿ ಬಡಿದಿದೆ.

ಇವರಿಬ್ಬರಿಗಷ್ಟೇ ಅಂತ ತಿಳಿಯಬೇಡ. ಬರುವ ಒಂದನೇ ತಾರೀಕಿಗೆ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುತ್ತೇವಲ್ಲ, ಅದರ ನೆನಪಿಗೆ ಲಿಂಗಸುಗೂರಿನ ಕ್ಲಬ್ಬಿನವರು ಹೋದ ಶನಿವಾರ 'ಹಳೇ ಪೋಷಾಕಿನ ಸಂಜೆ' ಇಟ್ಟಿದ್ದರು. ಬರುವವರೆಲ್ಲ ಅಪ್ಪ, ಅಜ್ಜನ ಕಾಲದ ಬಟ್ಟೆಯಲ್ಲೇ ಬರಬೇಕು, ಎಲ್ಲರಿಗಿಂತ ಚೆಂದ ಕಂಡವರಿಗೆ ಎಲೆಯಡಿಕೆ ಇಡುವ ಬೆಳ್ಳಿಯ ಪಾನ್‌ದಾನ್ ಬಹುಮಾನ. ಎಂಟು ವರ್ಷದ ಹಿಂದೆ ನಿಜಾಮನ ಆಳ್ವಿಕೆ ಬಿದ್ದಾಗ ಹೆದರಿಕೊಂಡು ಅವನ ಕಾಲದ ಕೆಂಪು ರೂಮಿ ಟೋಪಿಯನ್ನು ಜೋಳದ ಹಗೇವಿನಲ್ಲಿ ಹೂತಿಟ್ಟವರು ಈಗ ಅದಕ್ಕೆ ಹೊಸ ಗೊಂಡೆ ಹಾಕಿಸಲು ದರ್ಜಿಯ ಮುಂದೆ ಸಾಲು ನಿಂತರು. ಅವರ ನಾಚಿಕೆಗೇಡಿತನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿನ್ನ ಪೆಟ್ಟಿಗೆಯ ವಿಷಯ ನನ್ನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೊಲೀಸ್ ಆಕ್ಷನ್ ಆದ ಮೇಲೆ ನಿಮ್ಮವರ ಮನೆಗಳು ಲೂಟಿಯಾದ ಆ ಗದ್ದಲದಲ್ಲಿ ನೀವು ಊರು ಬಿಟ್ಟಾಗ, ಪೆಟ್ಟಿಗೆ ನನ್ನಲ್ಲಿಟ್ಟು, "ಯಾರ ಮುಂದೂ ಹೇಳಬ್ಯಾಡ ಕಸ್ತೂರಿ, ನಿನಗೂ ತ್ರಾಸ ಆಗ್ತೈತಿ" ಅಂತ ಹೇಳಿ ಹೋದೆ. ನಾನು ಹೇಳಲಿಲ್ಲ. ನಮ್ಮ ಮನೆಯವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಮಗ ಗುಲ್ಬರ್ಗದಲ್ಲಿ ಓದುತ್ತಿದ್ದ. ನೀವು ಹೋದ ಮರುದಿನ ಮನೆ ಮನೆ ಹುಡುಕುತ್ತಾರೆ ಅಂತ ಸುದ್ದಿ ಬಂತು. ನಾನೊಬ್ಬಳೇ ಆ ಪೆಟ್ಟಿಗೆಯನ್ನು ದೇವರ ಕೋಣೆಗೆ ಎಳೆದು, ಮೇಲೆ ಮಡಿಬಟ್ಟೆ ಹಾಸಿ, ವಿಭೂತಿ ಬಳಿದು, ಹೂ ಇಟ್ಟೆ. ಬಂದವರು ಕೈಮುಗಿದು ಹೋದರು. ಆಮೇಲೂ ದಿನಾ ಪೂಜೆ ಮಾಡಿದೆ, ಬಿಟ್ಟರೆ ನೋಡಿದವರಿಗೆ ಅನುಮಾನ ಬರುತ್ತಿತ್ತು. ಬೀಗ ಹಾಕಿತ್ತು, ಕೀಲಿಕೈ ನಿನ್ನ ಹತ್ತಿರ. ಒಳಗೆ ಬೇವಿನೆಲೆ ಇಡಲಾಗದೆ ಪೆಟ್ಟಿಗೆಯ ಸುತ್ತ ಇಡುತ್ತಿದ್ದೆ. ಮಗ ಕೇಳಿದಾಗ "ಹಿರೇರ ಪೆಟಗಿ, ಮುಟ್ಟಬ್ಯಾಡ" ಅಂದಿದ್ದೆ. ಸೊಸೆಯೂ ಅದನ್ನೇ ನಂಬಿಕೊಂಡು ನಮಸ್ಕಾರ ಮಾಡುತ್ತಿದ್ದಳು.

ಹಿರಿಯರ ಪೆಟ್ಟಿಗೆ ಅಂದಮೇಲೆ ಅದರಲ್ಲಿ ಹಿರಿಯರ ಬಟ್ಟೆ ಇರಲೇಬೇಕು ಅಂತ ಅವಳ ಲೆಕ್ಕ. ಮಹಾನವಮಿಗೆ ಬಂದವರು, ನಾನು ಮಲ್ಲಯ್ಯನ ಗುಡ್ಡಕ್ಕೆ ಹೋಗಿದ್ದಾಗ ಗಂಡ ಹೆಂಡತಿ ಸೇರಿ ತೆಗೆದಿದ್ದಾರೆ. ಶನಿವಾರ ಮಡಿಬಟ್ಟೆ ಒಗೆಯೋಣ ಅಂತ ಎತ್ತಿದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ, ಅದರ ಕೊಂಡಿ ಮಾತ್ರ ಹಲಗೆಯಿಂದ ಕಿತ್ತು ಜೋತುಬಿದ್ದಿದೆ. ಮುಚ್ಚಳ ಎತ್ತಿದರೆ ತಾಮ್ರದ ತಟ್ಟೆಗಳಿವೆ, ಕೂಸಿನ ಅಂಗಿಗಳಿವೆ, ಜೋಡಿಲ್ಲ. ಆ ದಿನವೇ ಲಿಂಗಸುಗೂರಿನ ಸಂಜೆ ಅಂತ ನೆನಪಾಯಿತು. ತಲೆ ಬಾಚಿಕೊಳ್ಳದೆ ಮೋಟಾರು ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಭಯ. ಲಿಂಗಸುಗೂರಿನಲ್ಲಿ ಮಸ್ಕಿಯ ಮಂದಿ ಕಡಿಮೆಯೇನಿಲ್ಲ. ಯಾರಾದರೂ ಆ ಜೋಡನ್ನು ಗುರುತು ಹಿಡಿದರೆ, ಅದು ನನ್ನ ಸೊಸೆಯ ಮೈಮೇಲೆ ಹೇಗೆ ಬಂತು ಅಂತ ಏನೆಂದುಕೊಳ್ಳುತ್ತಾರೆ? ಆ ವರ್ಷ ಯಾರ ಯಾರ ಮನೆಯ ಸಾಮಾನು ಯಾರ ಯಾರ ಮನೆಗೆ ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆ ಸಾಲಿಗೆ ನನ್ನ ಹೆಸರು ಸೇರಬಾರದು. ಅದಷ್ಟೇ ನನಗೆ ಬೇಕಾಗಿತ್ತು.

ನಾನು ಮುಟ್ಟುವ ಹೊತ್ತಿಗೆ ಕ್ಲಬ್ಬಿನಲ್ಲಿ ಗ್ಯಾಸ್‌ಬತ್ತಿ ಹಚ್ಚಿದ್ದರು. ಬಾಗಿಲಲ್ಲೇ ಅತ್ತರಿನ ವಾಸನೆ. ಗ್ರಾಮಫೋನ್ ಹಾಡುತ್ತಿತ್ತು. ವಕೀಲರು, ಗುತ್ತಿಗೆದಾರರು, ಸಾವುಕಾರರು, ಎಲ್ಲರೂ ಕುತ್ತಿಗೆವರೆಗೆ ಗುಂಡಿ ಹಾಕಿದ ಶೇರ್ವಾನಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು, ಹೊಟ್ಟೆ ಬಂದವರ ಪಾಡಂತೂ ಕೇಳಬೇಡ. ನನ್ನ ಮಗ ಅವರಪ್ಪನ ರುಮಾಲು ಸುತ್ತಿದ್ದ. ನಡುವೆ ನನ್ನ ಸೊಸೆ. ನಿನ್ನ ಕೆಂಪು ಕುರ್ತಿ, ಚೋಲಿ, ಮೇಲೆ ಜರತಾರಿಯ ಆ ಆರು ಗಜದ ಖಡಾ ದುಪಟ್ಟಾ, ನಿಮ್ಮವರ ಮದುಮಗಳು ಹೊದೆಯುವಂಥದ್ದು. ಸುಳ್ಳು ಹೇಳಲಾರೆ, ಒಂದು ಗಳಿಗೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಿನ್ನ ನಿಕಾದ ದಿನ ಆ ದುಪಟ್ಟಾದ ಭಾರಕ್ಕೆ ತಲೆ ಎತ್ತಲಾಗದೆ ನೀನು ನನ್ನ ಭುಜ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಹುಡುಗಿ ಅಷ್ಟು ಖುಷಿಯಾಗಿದ್ದಳು, ಕರೆಯಲು ನನಗೆ ಬಾಯಿ ಬರಲಿಲ್ಲ. ಆ ಒಂದು ಗಳಿಗೆಯೇ ನನ್ನನ್ನು ಕೆಡಿಸಿತು.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿಯ ಹೆಂಡತಿ ಎದ್ದು, ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಪೋಷಾಕು ಯಾರದ್ದೆಂದು ಹೇಳಬೇಕು ಅಂದಳು. ಮೊದಲು ಕರೆದದ್ದೇ ಬಸವಣ್ಣೆಮ್ಮನನ್ನು.

"ಇದು ನಮ್ಮ ಮನಿ ಹಿರೇರದ್ದು ರೀ," ಅಂದಳು ಸೊಸೆ. "ದೇವರ ಕೋಣ್ಯಾಗಿನ ಪೆಟಗ್ಯಾಗ ಇತ್ತು. ನಮ್ಮತ್ತಿಯವರು ದಿನಾ ಪೂಜಿ ಮಾಡ್ತಾರ."

ಕಾಲುವೆಯ ಗುತ್ತಿಗೆದಾರ ಹೊನ್ನೂರಪ್ಪ ರೂಮಿ ಟೋಪಿ ಓರೆ ಮಾಡಿಕೊಂಡು ಕೂತಿದ್ದ. ಆತ ನಗುತ್ತಲೇ ಕೇಳಿದ, "ಲಿಂಗಾಯತರ ಮನ್ಯಾಗ ಖಡಾ ದುಪಟ್ಟಾ ಹಾಕ್ಕೊಂಡ ಹಿರೇರು ಯಾರಿದ್ರು ತಂಗಿ? ನಲವತ್ತೆಂಟರಾಗ ಭಾಳ ಮಂದಿ ಮನಿಗೆ ಹಿಂಗ ಹೊಸಾ ಹಿರೇರು ಬಂದ್ರು ಬಿಡು."

ಒಂದಿಬ್ಬರು ನಕ್ಕರು. ಯಾರೋ ಗ್ರಾಮಫೋನಿನ ಮುಳ್ಳು ಎತ್ತಿದರು. ಸೊಸೆಗೆ ಮಾತು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಮೈಮೇಲಿನ ಬಟ್ಟೆಯನ್ನು ನೋಡಿಕೊಂಡ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪಾನಿನ ತಟ್ಟೆ ಹಿಡಿದು ನಿಂತಿದ್ದವನು ನಮ್ಮ ಮಸ್ಕಿಯ ಶಾವಲಿ, ನಿಮ್ಮ ಓಣಿಯವನೇ, ನೆನಪಿದೆಯಲ್ಲ. ಆತ ದುಪಟ್ಟಾದ ಕಡೆ ನೋಡಿದ, ನನ್ನ ಕಡೆ ನೋಡಿದ, ತಟ್ಟೆ ಕೆಳಗಿಟ್ಟು ಹೊರಗೆ ಹೋದ.

ನಾನು ಬಾಗಿಲಿಂದ ಮುಂದೆ ಬಂದೆ. "ಇದು ಲೂಟಿ ಮಾಲಲ್ಲ," ಅಂದೆ. "ಮಸ್ಕಿ ಬಂದೇಸಾಬನ ಹೆಂಡ್ತಿ ದಾವಲ್‌ಬೀದು. ನನ್ನ ಹಂತ್ಯಾಕ ಜ್ವಾಪಾನ ಮಾಡಂತ ಅಮಾನತ್ ಇಟ್ಟು ಹೋಗ್ಯಾಳ. ಹುಡುಗೂರಿಗೆ ಗೊತ್ತಿಲ್ದ ತಗದಾರ."

"ಹೌದೇನ್ರಿ ಅವ್ವಾರ," ಅಂದ ಹೊನ್ನೂರಪ್ಪ, ಈಗ ನಗು ಬಿಟ್ಟು. "ಅಮಾನತ್ ಇಟ್ಟೋರು ಕೀಲಿಕೈ ಕೊಟ್ಟು ಹೋಗ್ತಾರ. ಗೆಣತಿ ಅಂದ್ರ ಕೊಟ್ಟೇ ಕೊಡ್ತಾಳ. ಕೀಲಿಕೈ ಎಲ್ಲೈತ್ರಿ?"

ನನ್ನ ಮಗ, ಆ ಜಾಣ, ತಾಯಿಯನ್ನು ಕಾಪಾಡುತ್ತೇನೆ ಅಂದುಕೊಂಡು ನಡುವೆ ಬಾಯಿ ಹಾಕಿದ. "ಕೀಲಿಕೈ ಇಲ್ಲಂತ ನಾನ ಕೊಂಡಿ ಕಿತ್ತೀನ್ರಿ."

ಅಲ್ಲಿಗೆ ಮುಗಿಯಿತು. ಕೀಲಿಕೈ ಇಲ್ಲದ ಪೆಟ್ಟಿಗೆ ಲೂಟಿಯದ್ದೇ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟರು. ಜನ ನೆಲ ನೋಡಿದರು. ಕಾರ್ಯದರ್ಶಿಯ ಹೆಂಡತಿ ಪಾನ್‌ದಾನನ್ನು ಬೇರೆ ಯಾರಿಗೋ ಕೊಟ್ಟಳು. ಸೊಸೆ ಒಳಗೆ ಹೋಗಿ ತನ್ನ ಸೀರೆ ಉಟ್ಟುಕೊಂಡು ಬಂದು, ಜೋಡನ್ನು ಮಡಿಚಿ ನನ್ನ ಕೈಗಿಟ್ಟಳು. "ಅತ್ತಿ, ನನಗ ಒಂದ ಮಾತು ಹೇಳಿದ್ರ ನಾ ಕೈ ಹಚ್ಚತಿದ್ದೆನೇನ್ರಿ?" ಅಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಶಾವಲಿ ಬೀಡಿ ಸೇದುತ್ತ ಕೂತಿದ್ದ. "ನೀನರ ನಂಬ್ತೀಯೇನೋ ಶಾವಲಿ?" ಅಂದೆ.

ಆತ ಬೀಡಿ ಆರಿಸಿ ಎದ್ದು ನಿಂತ. ಹಿಂದಿನ ಮರ್ಯಾದೆ ಬಿಡಲಿಲ್ಲ. "ನಾ ನಂಬಿದ್ರ ಏನ್ ಬಂತ್ರಿ ಅವ್ವ," ಅಂದ. "ಕೀಲಿಕೈ ಒಂದ್ ಇದ್ದಿದ್ರ ಚಲೋ ಇತ್ತು."

ಇಷ್ಟು ನಡೆದದ್ದು. ಮರುದಿನ ಬೆಳಕಿನಲ್ಲಿ ಜೋಡು ಬಿಚ್ಚಿ ನೋಡಿದೆ. ಕುರ್ತಿ, ಚೋಲಿ ಚೆನ್ನಾಗಿವೆ. ದುಪಟ್ಟಾದ ಒಂದು ಅಂಚಿನಲ್ಲಿ ಅಂಗೈ ಅಗಲ ಹುಳು ತಿಂದಿದೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿದ್ದರೆ ಹಾಗಾಗುತ್ತಿರಲಿಲ್ಲ. ಬಸವಣ್ಣೆಮ್ಮ ಸಿಂಧನೂರಿಗೆ ಹೋಗದೆ ಇಲ್ಲೇ ಕೂತು ಆ ತೂತಿಗೆ ಎಳೆ ಎಳೆ ಸೇರಿಸಿ ರಫೂ ಮಾಡುತ್ತಿದ್ದಾಳೆ, ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ. ಅವಳ ಕೈ ಚೊಕ್ಕ, ಹುಸೇನ್‌ಬೀ ಉಟ್ಟಾಗ ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಮಗನೊಬ್ಬನೇ. ನಿನ್ನೆ ಬಂದಿದ್ದ. ಗಿರಾಕಿಗಳು ಸೀರೆ ಮುಟ್ಟಿ "ಇದು ಯಾರ ಮನೀದಪಾ" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಅಷ್ಟು ದೊಡ್ಡ ಮಗ ಅತ್ತದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

ಅದಕ್ಕೆ ಕೇಳುತ್ತೇನೆ. ಪೆಟ್ಟಿಗೆಗೆ ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ. ಬೀಗ ಇನ್ನೂ ಹಾಕಿದ ಹಾಗೇ ಇದೆ, ನಾನು ಒಡೆಸಿಲ್ಲ, ಒಡೆಸುವುದೂ ಇಲ್ಲ. ನಾವಿಬ್ಬರೂ ಕೂಡಿ ಅದನ್ನು ಲಿಂಗಸುಗೂರಿಗೆ ಒಯ್ಯೋಣ. ಹೊನ್ನೂರಪ್ಪನ ಎದುರು, ಶಾವಲಿಯ ಎದುರು ನೀನು ಕೀಲಿಕೈ ಹಾಕಿ ತಿರುಗಿಸು. ನೀನು ಒಂದು ಮಾತೂ ಆಡಬೇಕಾಗಿಲ್ಲ. ಬೀಗ ತೆರೆದುಕೊಂಡರೆ ಸಾಕು, ನನ್ನ ಮನೆಯ ಮರ್ಯಾದೆ ಉಳಿಯುತ್ತದೆ. ನೀನು ಬರದಿದ್ದರೆ ನಾನು ಎಷ್ಟು ಹೇಳಿಕೊಂಡರೂ ಕಳ್ಳಿಯೇ.

ಹುಸೇನ್‌ಬೀಗೆ ನನ್ನ ಆಶೀರ್ವಾದ. ಹೋದ ಮನೆಯಲ್ಲಿ ಅವಳ ಒಲೆ ಎಂದೂ ಆರದಿರಲಿ, ಮಡಿಲು ತುಂಬಲಿ. ಬಂದೇಸಾಬಣ್ಣನಿಗೆ ನಮಸ್ಕಾರ ತಿಳಿಸು, ಆತನ ಕೆಮ್ಮಿಗೆ ಬೆಲ್ಲದ ಜೊತೆ ಶುಂಠಿ ಕೊಡು. ನೀನು ಬಂದರೆ ಹಿಂದಿನ ಹಾಗೇ ನಡುಮನೆಯಲ್ಲಿ ಚಾಪೆ ಹಾಸುತ್ತೇನೆ.

ಇಂತಿ ನಿನ್ನ,
ಕಸ್ತೂರಿ

ತಾ. ಕ. ಗಂಟಲಲ್ಲಿ ಸಿಕ್ಕಿಕೊಂಡ ಮಾತು ಅಂದೆನಲ್ಲ. ರಂಜಾನಿನ ಕಾಗದದಲ್ಲಿ "ಪೆಟಗಿ ಇನ್ನಾ ಐತೇನ" ಅಂತ ಕೇಳಿದ್ದೀಯ. ಇಲ್ಲದೆ ಎಲ್ಲಿಗೆ ಹೋಗುತ್ತದೆ? ನನ್ನ ಗಂಡನ ಫೋಟೋಕ್ಕಿಂತ ಮೊದಲು ನಾನು ಹೂ ಇಟ್ಟದ್ದು ಆ ಪೆಟ್ಟಿಗೆಗೆ. ಹೊನ್ನೂರಪ್ಪ ಕೇಳಿದ ಕೀಲಿಕೈಯ ಮಾತನ್ನು ನಾನು ಎಂಟು ವರ್ಷದಿಂದ ಒಳಗೇ ಕೇಳಿಕೊಳ್ಳುತ್ತ ಬಂದಿದ್ದೇನೆ. ಅವತ್ತು ಗಾಡಿ ಹತ್ತುವ ಮುಂಚೆ ನೀನು ನನ್ನ ಕಣ್ಣೆದುರಿಗೇ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ನಾನು ಕೈ ಚಾಚಿದೆ. ನೀನು ಆ ಕೈ ಹಿಡಿದುಕೊಂಡು ಅತ್ತೆ, ನಾನೂ ಅತ್ತೆ. ನಾನು ಕೈ ಚಾಚಿದ್ದು ಕೀಲಿಕೈಗೆ, ದಾವಲೂ.