ನಿಮ್ಮ ತಮ್ಮ ಅಳಿಸಿದ ದಾರಿ

ಸಂಜೆ ಆರು ಗಂಟೆ. ಹಗಲೆಲ್ಲ ನಕ್ಷೆಯ ಮುಂದೆಯೇ ಕಳೆಯಿತು.

ಅತ್ತಿಗೆ, ನಮಸ್ಕಾರ. ನಾನೂ ಮಗಳೂ ಹಿಮದ ಬೆಟ್ಟಗಳ ಬುಡದ ಈ ಊರು ಸೇರಿದೆವು. ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಒಂದು ವ್ಯಾನನ್ನು ಬಾಡಿಗೆಗೆ ಹೇಳಿದ್ದೇವೆ. ನಿಮ್ಮ ತಮ್ಮ ನನ್ನನ್ನು ಮೂರು ವರ್ಷ ಕರೆದ ಪ್ರವಾಸವಿದು. "ಮೂವತ್ತು ವರ್ಷ ಬಸ್ಸು ಓಡಿಸಿದ್ದು ಸಾಲದಾ, ರಜೇಲೂ ಸ್ಟೇರಿಂಗೇ ಬೇಕಾ?" ಎಂದು ನಾನು ತಳ್ಳಿಹಾಕುತ್ತಲೇ ಬಂದೆ. ಅವರು ಗುರುತು ಮಾಡಿಟ್ಟ ನಕ್ಷೆಯನ್ನು ಅವರಿದ್ದಾಗ ಒಮ್ಮೆಯೂ ಬಿಡಿಸಿ ನೋಡಲಿಲ್ಲ.

ಇವತ್ತು ನೋಡಿದೆ. ತಂಗುವ ಪ್ರತಿ ಜಾಗದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದಿದ್ದಾರೆ: ಬಿಸಿನೀರು ಇದೆ, ಶೌಚಾಲಯ ಚೊಕ್ಕಟ, ಇವಳು ಒಪ್ಪಬಹುದು. ದಾರಿಯನ್ನು ಮಾತ್ರ ಬೆಟ್ಟ ಕೊರೆದ ಸುರಂಗದೊಳಗೆ ಹಾಯಿಸಿದ್ದಾರೆ. ಮಗಳು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಮ್ಮಾ, ಅಪ್ಪ ಮೊದಲು ಘಾಟಿ ಮೇಲೇ ಗೀಟು ಎಳೆದಿದ್ರು. ಆಮೇಲೆ ಅಳಿಸಿದಾರೆ ನೋಡು" ಎಂದಳು. ಅಲ್ಲಿ ಸಣ್ಣಕ್ಷರದಲ್ಲಿ ಇತ್ತು: ನಲವತ್ತೆಂಟು ತಿರುವು, ಇವಳಿಗೆ ತಲೆ ಸುತ್ತುತ್ತದೆ. ಘಾಟಿ ರಸ್ತೆಯೆಂದರೆ ಅವರಿಗೆ ಎಷ್ಟು ಪ್ರಾಣ ಎಂಬುದು ನಿಮಗೇ ಗೊತ್ತು. ನಾನು ಒಂದು ಸಲ ಹೂಂ ಅಂದಿದ್ದರೆ ಸಾಕಿತ್ತು.

ಘಾಟಿಯ ಮೇಲೇ ಹೋಗೋಣ ಎಂದೆ. "ವಾಂತಿ ಮಾಡ್ಕೊಂಡ್ರೆ ನೀನೇ ತೊಳೀಬೇಕು ನೋಡು" ಎಂದು ಹೇಳಿ ಮಗಳು ಮಾತ್ರೆ ತರಲು ಹೋಗಿದ್ದಾಳೆ. ನನ್ನ ಮಂಡಿನೋವು ಪರವಾಗಿಲ್ಲ, ಚಿಂತೆ ಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಾಳೆ ಎಂಟಕ್ಕೆ ವ್ಯಾನು ಸಿಗುತ್ತದೆ. ಮಗಳು ಓಡಿಸುತ್ತಾಳೆ.