ಮೂರನೇ ಸಾಲಿನ ಆಟ

ಜೂನ್ ೧೪, ಶನಿವಾರ ಮಧ್ಯಾಹ್ನ

ನನ್ನ ಹಟಮಾರಿ ಮಗಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಬಲಗೈ ಮಣಿಕಟ್ಟೊಂದನ್ನು ಬಿಟ್ಟರೆ ನಾನು ಕ್ಷೇಮ. ಟೀವಿ ಕೈತಪ್ಪಿ ಹೋಯಿತೆಂಬ ಕೊರಗೊಂದನ್ನು ಬಿಟ್ಟರೆ ನಿನ್ನ ಅಪ್ಪನೂ ಕ್ಷೇಮ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೈಯುವುದಕ್ಕೆ ಮುಂದೆ ಬೇಕಾದಷ್ಟು ಇದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಹೇಳಲೆಂದು ಆರು ಸಲ ಬಾಯಿ ತೆರೆದೆ. ಆರು ಸಲವೂ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಕೊನೆಯ ಸಲ ಬೆಳಿಗ್ಗೆ ಎಂಟು ಗಂಟೆಗೇ ಊಟ ಆಯ್ತಾ ಎಂದದ್ದಕ್ಕೆ ನೀನು ನಕ್ಕಿದ್ದು ನೆನಪಿರಬಹುದು. ಅದಕ್ಕೇ ಕಾಗದ. ಕಾಗದ ಎದುರು ಮಾತಾಡುವುದಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ದಿನಕ್ಕೆ ಅರ್ಧ ಗಂಟೆಯಾದರೂ ಬೆರಳು ಆಡಿಸಲೇಬೇಕು ಎಂದಿದ್ದರು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಸಾಕಾಯಿತು ಎಂದು ನಾನು ಗೊಣಗಿದ್ದಕ್ಕೆ ನೀನು ಒಂದು ಪಾರ್ಸೆಲ್ ಕಳಿಸಿದೆ. ತೆರೆದರೆ ನಮ್ಮ ಮನೆಯಲ್ಲಿದ್ದ ಅದೇ ವಿಡಿಯೋ ಗೇಮ್. ಅದೇ ಬೂದು ಬಣ್ಣ, ಅದೇ ಎರಡು ಕೆಂಪು ಗುಂಡಿ, ಆದರೆ ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಒಗೆದ ಮೇಲೆ ಕುಗ್ಗಿದ ಅಂಗಿಯ ಹಾಗೆ. ಕ್ಯಾಸೆಟ್ ಹಾಕುವ ಮುಚ್ಚಳ ಎತ್ತಲು ಹೋದೆ, ಅದು ಬರೀ ಗೆರೆ, ತೆರೆಯುವುದೇ ಇಲ್ಲ. ಜೇಬಲ್ಲದ ಜೇಬನ್ನು ನಾನೂ ಎಷ್ಟೋ ಕೋಟುಗಳಿಗೆ ಹೊಲಿದಿದ್ದೇನೆ, ಹಾಗಾಗಿ ಬೇಸರವಾಗಲಿಲ್ಲ. ಮೂವತ್ತು ಆಟ ಒಳಗೇ ಕೂತಿವೆಯಂತೆ.

ಜೊತೆಗೆ ನಿನ್ನ ಚೀಟಿ ಇತ್ತು. ಅಮ್ಮಾ, ನೀನು ಜೀವಮಾನದಲ್ಲಿ ಅತಿ ಹೆಚ್ಚು ಬೈದ ವಸ್ತು ಇದು, ಈಗ ಡಾಕ್ಟರ ಅಪ್ಪಣೆ, ಆಡಲೇಬೇಕು ಎಂದು ಬರೆದಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಚೀಟಿ ಓದಿ ನಾನು ಯಾರಾದರೂ ನೋಡುತ್ತಿದ್ದಾರೇನೋ ಎಂದು ಬಾಗಿಲ ಕಡೆ ತಿರುಗಿದೆ.

ಅದೇ ಸಂಜೆ ನೀನು ಫೋನು ಮಾಡಿದೆ. ಇಂಥದ್ದೇ ಇನ್ನೊಂದನ್ನು ಮೊಮ್ಮಗಳಿಗೂ ತಂದಿದ್ದೀಯೆಂದೂ ಅವಳ ಜೊತೆ ನಮ್ಮ ದೀಪದಣ್ಣನ ಆಟ ಹಾಕಿದೆಯೆಂದೂ ಹೇಳಿದೆ. ಆಮೇಲೆ, ಚಿಕ್ಕೋರಿದ್ದಾಗ ಆ ಬುಗುರಿಯೊಬ್ಬಳು ಅಳಿಸದೆ ಇದ್ದಿದ್ರೆ ನಾವು ಮುಗಿಸ್ತಿದ್ವಿ ಕಣಮ್ಮಾ, ಅದಾದ್ಮೇಲೆ ನನಗೆ ಯಾರನ್ನೂ ಅಷ್ಟು ನಂಬೋಕೆ ಆಗ್ಲೇ ಇಲ್ಲ ಅಂದೆ. ನೀನು ಮೂವತ್ತೊಂಬತ್ತು ವರ್ಷದ ಹೆಂಗಸು. ಪ್ರಯೋಗಾಲಯದಲ್ಲಿ ರಕ್ತದ ಸೀಸೆಗಳ ಹೆಸರನ್ನು ಮೂರು ಮೂರು ಸಲ ಓದುತ್ತೀಯ, ಪಕ್ಕದವರು ನಿನ್ನ ಮೇಜು ಮುಟ್ಟಿದರೆ ಸಿಡುಕುತ್ತೀಯ. ಅದು ನಿನ್ನ ಸ್ವಭಾವ ಎಂದೇ ನಾನು ತಿಳಿದಿದ್ದೆ. ಬೇರು ನಮ್ಮ ಮನೆಯ ಟೀವಿಯ ಮುಂದೆ ಇದೆ ಎಂದು ಆವತ್ತು ಗೊತ್ತಾಯಿತು.

ಈಗ ಕೂತುಕೋ.

ಆ ಆಟದ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದವಳು ನಾನು. ಕೀಲಿ ನನ್ನ ಸೊಂಟದಲ್ಲಿ. ಶಾಲೆಯಿಂದ ಬಂದು ಪಾಠ ಮುಗಿಸಿದರೆ ಒಂದು ಗಂಟೆ ಆಟ, ಅದರ ಮೇಲೆ ಒಂದು ನಿಮಿಷ ಇಲ್ಲ. ಕಣ್ಣು ಹಾಳಾಗುತ್ತದೆ, ಬುದ್ಧಿ ಮಂಕಾಗುತ್ತದೆ ಎಂದು ನಾನು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ನೀನು ಶಾಲೆಗೆ ಹೋಗಿ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಎರಡು ಗಂಟೆಗೆ ಹೊಲಿಗೆ ಯಂತ್ರ ನಿಲ್ಲಿಸಿ, ಅದೇ ಕೀಲಿಯಿಂದ ಅದೇ ಕಪಾಟು ತೆಗೆದು, ನಾನು ಆಡುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಮೊದಲ ದಿನ ಧೂಳು ಒರೆಸಲು ತೆಗೆದದ್ದು, ಸತ್ಯವಾಗಿಯೂ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ದೀಪ ಹಿಡಿದ ಆ ಪುಟ್ಟ ಮನುಷ್ಯ, ನಮ್ಮ ದೀಪದಣ್ಣ, ಮೆಟ್ಟಿಲ ಮೇಲೆ ನಿಂತು ನನ್ನ ಕಡೆಯೇ ನೋಡುತ್ತಿದ್ದ. ದಿನಕ್ಕೆ ನಲವತ್ತು ಶಾಲೆಯ ಅಂಗಿಗೆ ಕಾಲರ್ ಕೂರಿಸುವವಳಿಗೆ, ಎಲ್ಲವೂ ಅದೇ ಅಳತೆ, ಅದೇ ಬಿಳಿ, ಒಂದು ಕತ್ತಲೆಯ ನೆಲಮಾಳಿಗೆಯಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಹುಡುಕುವುದು ಎಷ್ಟು ಸುಖ ಎಂದು ನಿನಗೆ ಹೇಗೆ ಹೇಳಲಿ. ಅಂಗಿ ಕತ್ತರಿಸುವ ಕಂದು ಕಾಗದದ ಹಿಂದೆ ಸೀಮೆಸುಣ್ಣದಲ್ಲಿ ಅಂತಸ್ತು ಅಂತಸ್ತಾಗಿ ನಕ್ಷೆ ಬರೆದುಕೊಂಡಿದ್ದೆ. ನೀನೂ ಬುಗುರಿಯೂ ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ನಾನು ಸೂಜಿಗೆ ದಾರ ಪೋಣಿಸುತ್ತಾ, ಎಡಕ್ಕೆ ಹೋಗಿ ನೋಡ್ರೇ ಎನ್ನುತ್ತಿದ್ದೆ. ನಿನಗೇನಮ್ಮಾ ಗೊತ್ತು ಎಂದು ನೀನು ಬೈದು, ಎಡಕ್ಕೇ ಹೋಗುತ್ತಿದ್ದೆ.

ಆಟ ಉಳಿಸಿಡಲು ಮೂರು ಸಾಲು ಇದ್ದವು. ಮೊದಲನೆಯದು ನಿನ್ನದೂ ಬುಗುರಿಯದೂ. ನಿಂತಲ್ಲಿ ನಿಲ್ಲದ ಆ ನಿನ್ನ ಗೆಳತಿಗೆ ಆ ಹೆಸರಿಟ್ಟವಳು ನಾನೇ. ಒಬ್ಬರೇ ಆಡುವ ಆಟವನ್ನು ನೀವಿಬ್ಬರೂ ಸೇರಿ ಆಡುತ್ತಿದ್ದಿರಿ. ದೀಪದ ಎಣ್ಣೆ ಮುಗಿದರೆ ರಿಮೋಟು ಕೈ ಬದಲಾಗಬೇಕು, ಕೈ ಖಾಲಿ ಇದ್ದವಳು ದಾರಿ ಹೇಳಬೇಕು ಎಂದು ನಿಮ್ಮದೇ ಕಾನೂನು. ಎಂಟು ತಿಂಗಳಲ್ಲಿ ಎಂಟನೇ ಅಂತಸ್ತು ಮುಟ್ಟಿದ್ದಿರಿ. ಎರಡನೇ ಸಾಲು ಖಾಲಿ. ಮೂರನೆಯದು ನನ್ನದು. ಅದೇನೆಂದು ನೀನು ಕೇಳಿದಾಗ, ಅಂಗಡಿಯಿಂದ ಬರುವಾಗಲೇ ಇತ್ತು ಎಂದು ಹೇಳಿದ್ದೆ.

ಆ ಗುರುವಾರ ನನ್ನ ಸಾಲನ್ನು ಅಳಿಸಿಬಿಡಬೇಕು ಎಂದು ಕೂತೆ. ಆಟದ ಭಾಷೆ ನನಗೆ ಬಾರದು, ಎಲ್ಲವನ್ನೂ ಜಾಗ ನೋಡಿ ಮಾಡುತ್ತಿದ್ದೆ. ಕೆಳಕ್ಕೆ ಒಂದು, ಕೆಳಕ್ಕೆ ಎರಡು, ಅಲ್ಲಿಗೆ ಮೂರನೇ ಸಾಲು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಹೊಲಿಗೆಯ ಕೊನೆ ಮುಟ್ಟಿದ ಮೇಲೆ ಗಟ್ಟಿಯಾಗಲೆಂದು ಇನ್ನೊಂದು ಹಾಕುವುದು ನಲವತ್ತು ಅಂಗಿಯ ಕೈಗೆ ಅಭ್ಯಾಸ. ಕೈ ತಾನೇ ಇನ್ನೊಂದು ಸಲ ಕೆಳಕ್ಕೆ ಒತ್ತಿತು. ಆ ಆಟದಲ್ಲಿ ಕೊನೆಯ ಸಾಲಿನಿಂದ ಕೆಳಕ್ಕೆ ಒತ್ತಿದರೆ ಸಾಲು ತೋರಿಸುವ ಪುಟ್ಟ ದೀಪ ಮತ್ತೆ ಮೊದಲ ಸಾಲಿಗೆ ಹೋಗುತ್ತದೆ. ನಾನು ತಲೆ ಗೇಟಿನ ಕಡೆ ತಿರುಗಿಸಿಕೊಂಡೇ ಕೆಂಪು ಗುಂಡಿ ಎರಡು ಸಲ ಒತ್ತಿದೆ. ತಿರುಗಿ ನೋಡಿದರೆ ನಿಮ್ಮ ಎಂಟು ತಿಂಗಳು ಇರಲಿಲ್ಲ, ನನ್ನ ಮೂರನೇ ಸಾಲು ಅಲ್ಲೇ ಕೂತಿತ್ತು.

ಅಳಿಸಿದವಳು ನಾನು. ಬುಗುರಿ ಅಲ್ಲ. ಈ ಒಂದು ಸಾಲು ಬರೆಯಲು ಇಪ್ಪತ್ತೇಳು ವರ್ಷ ಬೇಕಾಯಿತು.

ಇಲ್ಲಿಗೇ ನಿಲ್ಲಿಸೋಣ ಎಂದುಕೊಂಡು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತದೆ. ಗೇಟು ತೆಗೆದವಳು ಬುಗುರಿಯೇ. ಅವಳಿಗೆ ಅಂದು ತಲೆನೋವೆಂದು ಶಾಲೆಯಿಂದ ಬೇಗ ಕಳಿಸಿದ್ದರು, ಹೋಗುವ ದಾರಿಯಲ್ಲಿ ನಿನ್ನ ಪುಸ್ತಕ ಕೊಡಲು ಬಂದಿದ್ದಳು. ಕಿಟಕಿಯಿಂದ ನನ್ನನ್ನೂ ನೋಡಿದಳು, ಟೀವಿಯನ್ನೂ ನೋಡಿದಳು. ನಾನು ರಿಮೋಟು ಕೈಯಲ್ಲೇ ಹಿಡಿದು ಬಾಗಿಲಿಗೆ ಹೋಗಿ, ಯಾರಿಗೂ ಹೇಳ್ಬೇಡ ಕಣೇ, ನಾನೇ ಅವಳಿಗೆ ನಿಧಾನಕ್ಕೆ ಹೇಳ್ತೀನಿ ಎಂದು ಕೇಳಿಕೊಂಡೆ. ಹನ್ನೆರಡು ವರ್ಷದ ಹುಡುಗಿಯ ಮುಂದೆ ನಾನು ಗೋಗರೆದೆ.

ಸಂಜೆ ಅವಳು ಮತ್ತೆ ಆಡಲು ಬಂದಿದ್ದಾಗ ನೀನು ಟೀವಿ ಮುಂದೆ ಬಿಳಚಿಕೊಂಡು ಕೂತದ್ದು ಈಗಲೂ ಕಣ್ಣ ಮುಂದಿದೆ. ಕೀಲಿ ಅಮ್ಮನ ಹತ್ತಿರ, ಅಮ್ಮ ಮುಟ್ಟುವವಳಲ್ಲ, ನಿನ್ನೆ ಕೊನೆಗೆ ರಿಮೋಟು ಹಿಡಿದವಳು ನೀನು ಎಂದು ವಕೀಲರ ಹಾಗೆ ಅವಳ ಮೇಲೆ ಹೋದೆ. ಅವಳು ನನ್ನ ಕಡೆ ನೋಡಿದಳು. ನಾನು ಕಾಲರ್ ನೋಡಿದೆ. ಹೌದು, ಕೈ ತಪ್ಪಿ ಒತ್ತಿಬಿಟ್ಟೆ ಎಂದು ಅವಳೇ ಹೇಳಿದಳು. ಇನ್ನು ನಮ್ಮನೆಗೆ ಬರಬೇಡ ಎಂದು ನೀನು ಅಂದಾಗಲೂ ನಾನು ಯಂತ್ರ ತುಳಿಯುತ್ತಲೇ ಇದ್ದೆ. ನಾಳೆ ಹೇಳೋಣ, ಸಿಟ್ಟು ಇಳಿದ ಮೇಲೆ ಹೇಳೋಣ ಎಂದುಕೊಂಡು ಎರಡು ತಿಂಗಳು ಕಳೆದೆ. ಅಷ್ಟರಲ್ಲಿ ಅವಳ ಅಪ್ಪನಿಗೆ ವರ್ಗವಾಗಿ ಅವರು ಊರು ಬಿಟ್ಟರು.

ಎಲ್ಲಿದ್ದಾಳೋ ತಿಳಿಯದು ಎನ್ನಲೂ ನನಗೆ ಬಾಯಿಲ್ಲ. ನಾನು ಗುಂಡಿ, ದಾರ ತರುವ ಅಂಗಡಿಯ ಹೆಂಗಸು ಅವಳ ಸೋದರತ್ತೆ. ತಿಂಗಳಿಗೆ ಎರಡು ಸಲ ಆ ಅಂಗಡಿಗೆ ಹೋಗಿದ್ದೇನೆ, ಬುಗುರಿ ಹೇಗಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ನಿನ್ನ ಫೋನು ಬಂದ ಮಾರನೆಯ ದಿನ ಹೋಗಿ ಕೇಳಿದೆ. ಅತ್ತೆ ಏನೂ ವಿಚಾರಿಸದೆ ನಂಬರು ಬರೆದುಕೊಟ್ಟರು.

ಅವಳಿಗೆ ಫೋನು ಮಾಡಿ, ನಿನಗೆ ನಾನು ಇವತ್ತಿಗೂ ಹೇಳಿಲ್ಲ ಎಂದು ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡು, ಆಂಟೀ, ನೀವು ಇನ್ನೂ ಆಡ್ತೀರಾ ಎಂದು ಕೇಳಿದಳು. ಅದರ ಮುಂದಿನ ಭಾನುವಾರ ಮೂರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದೇಬಿಟ್ಟಳು. ಈಗ ಅವಳದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಹಾಳಾಗುತ್ತೆ ಎಂದು ನೀವು ದಿನಾ ಹೆದರಿಸಿದ್ದಕ್ಕೇ ಈ ಕೆಲಸಕ್ಕೆ ಬಂದೆ ಎಂದು ನಕ್ಕಳು. ಈಗಲೂ ಕುರ್ಚಿಯಲ್ಲಿ ಕೂರುವುದಿಲ್ಲ, ಕುರ್ಚಿಯ ಕೈ ಮೇಲೆ ಕೂರುತ್ತಾಳೆ.

ಯಾಕೆ ನನ್ನ ತಪ್ಪು ಹೊತ್ತುಕೊಂಡೆ ಎಂದು ಕೇಳಿದೆ. ಅವಳು, ನಾನಾದ್ರೆ ಬೇರೆ ಗೆಳತೀನ ಹುಡುಕ್ಕೋಬಹುದು, ಅವಳು ಬೇರೆ ಅಮ್ಮನ್ನ ಎಲ್ಲಿಂದ ತರ್ತಾಳೆ ಅಂತ ಆವತ್ತು ಅನ್ನಿಸ್ತು ಆಂಟೀ ಎಂದಳು. ಆಮೇಲೆ ಸಿಕ್ಕರಾ ಎಂದೆ. ಸಿಕ್ಕರು, ಆದ್ರೆ ಯಾರಿಗೂ ದಾರಿ ಹೇಳೋಕೆ ಬರ್ತಿರಲಿಲ್ಲ ಎಂದಳು. ನಾನು ಅತ್ತುಬಿಟ್ಟೆ, ಮಗಳೇ. ಅವಳು ನನ್ನ ಕೆಟ್ಟ ಕೈಯನ್ನೇ ಹಿಡಿದುಕೊಂಡು ಕೂತಿದ್ದಳು, ನೋವಾದರೂ ಬಿಡು ಎನ್ನಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು ಎಂದು ಜನ ಹೇಳುವುದನ್ನು ಕೇಳಿದ್ದೆ. ಆ ರಾತ್ರಿ ಯಾವ ಮಾತ್ರೆಯೂ ಇಲ್ಲದೆ ಮಲಗಿದೆ.

ಹಳೆಯ ಪೆಟ್ಟಿಗೆಯನ್ನೂ ನಾನು ಬಿಸಾಡಿಲ್ಲ, ಅದೇ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಬುಗುರಿ ಬಂದ ದಿನ ಕ್ಯಾಸೆಟ್ಟಿಗೆ ಹಳೆಯ ಹಾಗೇ ಉಫ್ ಎಂದು ಊದಿ ಹಾಕಿದೆವು. ಆಟ ಬಂತು, ಮೂರೂ ಸಾಲು ಖಾಲಿ. ಒಳಗೊಂದು ಚಿಕ್ಕ ಬ್ಯಾಟರಿ ಇರುತ್ತದೆ, ಅದು ಸತ್ತರೆ ಉಳಿಸಿದ್ದೆಲ್ಲ ಹೋಗುತ್ತದೆ ಎಂದು ಟೀವಿ ರಿಪೇರಿಯವನು ಹೇಳಿದ. ಹೇಗೂ ಹೋಗುವುದೇ ಇತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅದು ತಾನಾಗಿ ಹೋಗಿದ್ದರೆ ನೀವಿಬ್ಬರೂ ಸೇರಿ ಅಳುತ್ತಿದ್ದಿರಿ.

ಅದಕ್ಕೇ ನಾವಿಬ್ಬರೂ ಹೊಸದರಲ್ಲಿ ಕೂತೆವು. ನಾಲ್ಕು ಭಾನುವಾರ. ನನ್ನ ಬೆರಳು ಸೋತಾಗ ಅವಳು, ಅವಳ ಎಣ್ಣೆ ಮುಗಿದಾಗ ನಾನು. ಕಂದು ಕಾಗದದ ನಕ್ಷೆ ಎಂದೋ ಯಾರದೋ ಅಂಗಿಯ ಅಳತೆಯಾಗಿ ಹರಿದುಹೋಗಿದೆ, ಆದರೆ ದಾರಿ ಎಲ್ಲ ನನಗೆ ಬಾಯಿಪಾಠ. ಆಂಟಿಗೆ ಇದು ಹೇಗೆ ನೆನಪಿದೆ ಎಂದು ಅವಳು ಬೆರಗಾದಳು. ಹೊಸದರಲ್ಲಿ ಎಡವಿದರೆ ಹಿಂದಕ್ಕೆ ಹೋಗುವ ಗುಂಡಿಯೂ ಇದೆ. ಅದನ್ನು ಮುಟ್ಟುವುದು ಬೇಡ ಎಂದು ಅವಳೇ ಕಾನೂನು ಮಾಡಿದಳು.

ಕಳೆದ ಭಾನುವಾರ ಎಂಟನೇ ಅಂತಸ್ತಿನ ಎರಡು ಬಾವಿಯ ಕೋಣೆ ಮುಟ್ಟಿದೆವು. ನೀವು ಆ ಬುಧವಾರ ನಿಲ್ಲಿಸಿದ್ದು ಅಲ್ಲೇ. ನಾಲ್ಕು ಬೀಗದ ಕೈ, ಅರ್ಧ ದೀಪ ಎಣ್ಣೆ, ಎಲ್ಲ ಹಾಗೇ ಇದೆಯೇ ಎಂದು ಅವಳು ಎರಡು ಸಲ ನೋಡಿಕೊಂಡಳು. ಮೊದಲ ಸಾಲಿನಲ್ಲಿ ಉಳಿಸಿ, ರಿಮೋಟು ಕೆಳಗಿಟ್ಟೆವು. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಇಟ್ಟಿಲ್ಲ. ಅದು ನಿಮ್ಮಿಬ್ಬರದು.

ನಿನ್ನ ಅಪ್ಪನಿಗೂ ಹೇಳಿದೆ. ಮಧ್ಯಾಹ್ನ ಬೇಗ ಬಂದಾಗೆಲ್ಲ ಟೀವಿ ಬೆನ್ನು ಬಿಸಿ ಇರ್ತಿತ್ತು, ಆಡ್ತಿದ್ದೆ ಅಂತ ಗೊತ್ತಿತ್ತು ಬಿಡು, ಆ ಮಗು ಮೇಲೆ ಹಾಕಿದ್ದು ಮಾತ್ರ ಗೊತ್ತಿರಲಿಲ್ಲ ಎಂದು ಹೇಳಿ ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗೇ ಮಾಡಿದರು. ನಿನಗೂ ಸಿಟ್ಟು ಬಂದರೆ ಬರಲಿ. ಅರ್ಧ ದಿನ ಅಲ್ಲ, ಎಷ್ಟು ದಿನ ಬೇಕೋ ತೆಗೆದುಕೋ. ನಾನು ಕ್ಷಮಿಸು ಎನ್ನಲು ಬರೆದೆ, ಕ್ಷಮಿಸಲೇಬೇಕು ಎನ್ನಲು ಅಲ್ಲ. ಆದರೆ ಅವಳ ಮೇಲಿನ ಸಿಟ್ಟನ್ನು ಇವತ್ತೇ, ಈ ಕಾಗದ ಮಡಚುವ ಮೊದಲೇ ಬಿಡು. ಅದು ತಪ್ಪು ವಿಳಾಸಕ್ಕೆ ಹೋಗಿತ್ತು.

ನಾಳೆ ಬಿಟ್ಟು ಮುಂದಿನ ಭಾನುವಾರ ಹತ್ತು ಗಂಟೆಗೆ ಬುಗುರಿ ಬರುತ್ತಾಳೆ. ನೀನು ಬಂದರೆ ಆಡುತ್ತಾಳೆ, ಬಾರದಿದ್ದರೆ ನನ್ನ ಕನ್ನಡಕ ಸರಿಮಾಡಿಕೊಟ್ಟು ಹೋಗುತ್ತಾಳಂತೆ. ನನ್ನ ಕನ್ನಡಕ ಚೆನ್ನಾಗಿಯೇ ಇದೆ.

ಇಂತಿ,
ಕೀಲಿ ಸೊಂಟದಿಂದ ಬಿಚ್ಚಿಟ್ಟ
ನಿನ್ನ ಅಮ್ಮ

ಮರೆತ ಮಾತು: ಆ ಗುರುವಾರ ನನ್ನ ಸಾಲನ್ನು ಯಾಕೆ ಅಳಿಸಲು ಹೋದೆ ಎಂದು ನೀನು ಕೇಳಿಯೇ ಕೇಳುತ್ತೀಯ, ಬುಗುರಿಗೂ ಇದನ್ನು ಹೇಳಿಲ್ಲ. ಅಂದು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನನ್ನ ಆಟ ಮುಗಿದಿತ್ತು. ನೀವು ಆ ಸಾಲು ತೆರೆದು ಕೊನೆಯನ್ನು ಮೊದಲೇ ನೋಡಿಬಿಡಬಾರದೆಂದು ಅಳಿಸಲು ಹೋದೆ. ಒಂಬತ್ತನೇ ಅಂತಸ್ತಿನ ಕೊನೆಯ ಬಾಗಿಲ ಹಿಂದೆ ಏನಿದೆ ಎಂದು ಇಪ್ಪತ್ತೇಳು ವರ್ಷದಿಂದ ನನಗೆ ಗೊತ್ತು. ಬಾಯಿ ಬಿಡುವುದಿಲ್ಲ. ಬಾವಿಯ ಕೋಣೆಯಲ್ಲಿ ಮಾತ್ರ, ಎಡಕ್ಕೆ ಹೋಗಿ ನೋಡಿ.