ನನ್ನ ಹೆಸರಲ್ಲಿ ಹೋಗಿ ಬಂದವಳಿಗೆ

ಚೋಂಗ್-ಬುಲಾಕ್,
ಅಕ್ಟೋಬರ್ 9

ಮಾನ್ಯ ಅಧ್ಯಕ್ಷರೇ, ಪೂಜ್ಯ ಅತ್ತೆಯಂದಿರೇ, ಚಹಾ ಕುಡಿಯಲೆಂದೇ ಬಂದಿರುವ ಮಹಾಜನರೇ! ನಮ್ಮ ಆಸ್ಪತ್ರೆಯ ನರ್ಸ್ ಉಪೆಲ್‌ಕಾನ್ ಮೇಲೆ ನನಗಿರುವ ಅನುಮಾನಗಳನ್ನು ಈ ಸಭೆಯ ಮುಂದಿಡುತ್ತಿದ್ದೇನೆ.

ಪ್ರೀತಿಯ ಜೀಪಾರ್, ಸಭೆಯಲ್ಲಿರುವುದು ನೀನೊಬ್ಬಳೇ. ಚೆನ್ನಾಗಿದ್ದೀಯಾ? ಬಿಷ್ಕೆಕ್‌ನ ಹೊಲಿಗೆ ಕೆಲಸ ಉಣ್ಣಲಾದರೂ ಬಿಡುವು ಕೊಡುತ್ತದೆಯೇ? ಕಾಗದ ತಡವಾಯಿತು, ಆಲೂಗಡ್ಡೆ ಅಗೆಯುವ ಕಾಲ; ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಮನೆ ತುಂಬ ಕಿವಿ.

ಆರು ವರ್ಷದ ಹಿಂದೆ ನನ್ನ ಗರ್ಭಕೊರಳಿನ ಪರೀಕ್ಷೆ ಸರಿ ಬರಲಿಲ್ಲ, ಅಂದಿನಿಂದ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು, ನಿನಗೆ ಗೊತ್ತು. ಈ ಬೇಸಿಗೆಯಲ್ಲಿ ಹೊಸ ಡಾಕ್ಟರಾಗಿ ಪಟ್ಟಣದಿಂದ ಬಂದವರು ನನ್ನ ಗಂಡನ ದೊಡ್ಡಪ್ಪನ ಮಗ. ಭಾವನ ಎದುರು ತಲೆಯೆತ್ತದ, ಹೆಸರೂ ಎತ್ತದ ಸೊಸೆ ನಾನು; ಅವರ ಮುಂದೆ ಹೋಗಿ ಮಲಗುವುದೆಲ್ಲಿ! ಅವರೂ ಹಬ್ಬದೂಟಗಳಲ್ಲಿ ನನ್ನ ತಲೆವಸ್ತ್ರ ನೋಡಿದ್ದಾರೆಯೇ ಹೊರತು ಮುಖವನ್ನಲ್ಲ. “ಅಯ್ಯೋ, ನಂಗ್ಯಾವ ಭಾವ? ಕೊಡೇ ಇಲ್ಲಿ” ಎಂದು, ಆಗ ಊರಿಗೆ ಬಂದಿದ್ದ ನೀನು ನನ್ನ ತಲೆವಸ್ತ್ರವನ್ನು ಹಣೆವರೆಗೆ ಎಳೆದುಕೊಂಡು, ನರ್ಸ್ ರಜೆಯಲ್ಲಿದ್ದ ದಿನ ನೋಡಿ ನನ್ನ ಹೆಸರಲ್ಲಿ ಪರೀಕ್ಷೆಗೆ ಹೋಗಿ ಬಂದೆ. ಎಷ್ಟು ನಕ್ಕೆವು!

ಈಗ ಈ ಉಪೆಲ್‌ಕಾನ್ ಮನೆಗೇ ಬರುತ್ತಾಳೆ, ಚಹಾ ಹೀರುತ್ತಾಳೆ, ಕರಿದ ಬೋರ್ಸೊಕ್ ಮುರಿಯುತ್ತಾಳೆ, ನನ್ನ ಜೀವ ಅರೆಯುತ್ತಾಳೆ.

“ಈ ಸಲದ್ದು ಚೆನ್ನಾಗಿಲ್ಲ ಬುರುಲಕ್ಕಾ. ಚೂರು ತೆಗೆದು ನೋಡ್ಲೇಬೇಕು.”

“ನಂಗೇನಾಗಿದೆ? ಕುದುರೆ ಥರ ಇದೀನಿ!”

“ಕುಂಟೋ ಕುದುರೇನೂ ನೋಡಿದೀನಿ. ನಾಳೆ ಬನ್ನಿ.”

ಪಕ್ಕದ ಮನೆಯ ಸೈರಾ ಬೇಲಿಯಾಚೆಯಿಂದ, “ಏನೇ, ನರ್ಸಮ್ಮ ನಿನ್ ಮಗನಿಗೆ ಹೆಣ್ಣು ಗೊತ್ತುಮಾಡ್ತಿದಾಳಾ?” ಎಂದು ಕಿಚಾಯಿಸುತ್ತಾಳೆ.

ನನಗೋ ಎಲ್ಲರ ಮೇಲೂ ಗುಮಾನಿ. ಲ್ಯಾಬಿನವರು ಪರೀಕ್ಷೆಯ ಗಾಜು ಅದಲುಬದಲು ಮಾಡಿರಬೇಕು. ಹೊಸ ಯಂತ್ರ ತರಿಸಿರುವ ಭಾವನಿಗೆ ರೋಗಿ ಬೇಕಾಗಿರಬೇಕು. ಉಪೆಲ್‌ಕಾನ್‌ಗೆ ನನ್ನ ಬೋರ್ಸೊಕ್ ರುಚಿ ಹತ್ತಿರಬೇಕು. ಯಾರನ್ನು ನಂಬಲಿ, ಯಾರನ್ನು ಬಿಡಲಿ?

ಮೈ ಬೆಚ್ಚಗಿಟ್ಟುಕೋ. ನಿನ್ನ ಕೈ ದಣಿಯದಿರಲಿ, ನಿನ್ನ ಮಕ್ಕಳು ನಿನಗಿಂತ ಎತ್ತರ ಬೆಳೆಯಲಿ.

ನಿನ್ನ
ಬುರುಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಭಾವನ ಎದುರು ತಲೆಯೆತ್ತಿ ನಿಂತು, “ಅವತ್ತು ಬಂದಿದ್ದು ನಾನಲ್ಲ” ಎಂದೆ. ಅವರು ಬೈಯಲಿಲ್ಲ. “ಆ ಹೆಣ್ಮಗಳು ಎಲ್ಲಿದಾಳಮ್ಮ? ಬೇಗ ಕರೆಸು” ಎಂದರು. ಯಾವ ಗಾಜೂ ಅದಲುಬದಲಾಗಿಲ್ಲ, ಜೀಪಾರ್. ಆ ಫಲಿತಾಂಶ ನಿನ್ನದು. ಉಪೆಲ್‌ಕಾನ್ ಮೊದಲ ಸಲ ಬಾಗಿಲು ತಟ್ಟಿದಾಗಲೇ ನನಗದು ಗೊತ್ತಾಗಿತ್ತು. ಈ ಕಾಗದ ತಂದ ಕಾರನ್ನೇ ಹತ್ತಿ ಬಾ.